ನಮ್ಮ ಡ್ರಮ್ಮರ್ ಬಾರಿಸದ ಐದು ಹಾಡುಗಳು

ಧ್ವನಿಮುದ್ರಣಕ್ಕೆ ಗೊತ್ತು ಮಾಡಿದ್ದ ಮೊದಲ ಭಾನುವಾರ ಬೆಳಿಗ್ಗೆ ನಮ್ಮ ಡ್ರಮ್ ಸೆಟ್ಟನ್ನು ಹರಿಹರದಿಂದ ಶಾಮನೂರಿಗೆ ಲಗೇಜ್ ಆಟೋದಲ್ಲಿ ಸಾಗಿಸಿದೆವು. ಡ್ರಮ್ಮರ್ ಮುಂದೆ ಚಾಲಕನ ಪಕ್ಕ ಕೂರಲು ಒಪ್ಪಲಿಲ್ಲ. ಹಿಂದೆ ಡ್ರಮ್ಮುಗಳ ನಡುವೆ ಬಲಗಾಲು ಚಾಚಿ ಕೂತು, ದೊಡ್ಡ ಸಿಂಬಲ್ ತಟ್ಟೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ಬೈಕಿನಲ್ಲಿ ಹಿಂದೆ ಬರುತ್ತಿದ್ದೆ. ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದುದು ಕಾಣುತ್ತಿತ್ತು.

ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್. ಗಿಟಾರ್ ನನ್ನದು, ಹಾಡು ಕಟ್ಟುವುದೂ ನಾನೇ. ಹಾಡುವವಳು ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬೇಸ್ ಗಿಟಾರಿನವನಿಗೆ ಮೊಬೈಲ್ ರಿಪೇರಿ ಅಂಗಡಿಯಿತ್ತು. ಡ್ರಮ್ಮರ್ ನಮಗೆಲ್ಲ ಹಿರಿಯ, ನಲವತ್ತರ ಹತ್ತಿರದವನು. ಕೊಕ್ಕನೂರಿನಿಂದ ದಿನಾ ಹರಿಹರಕ್ಕೆ ಬಂದು ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಅವನನ್ನು ನಾವು ಅಣ್ಣ ಅನ್ನುತ್ತಿದ್ದೆವು. ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲೇ ಭಾನುವಾರಗಳ ನಮ್ಮ ಅಭ್ಯಾಸ. ಗಣೇಶನ ಪೆಂಡಾಲು, ಕಾಲೇಜು ಸಮಾರಂಭ, ಹೋಟೆಲ್ ಉದ್ಘಾಟನೆ ಎಲ್ಲ ಮುಗಿಸಿ, ಕೊನೆಗೂ ನಮ್ಮದೇ ಕನ್ನಡ ಹಾಡುಗಳನ್ನು ಬಾರಿಸುವ ಧೈರ್ಯ ಮಾಡಿದ್ದೆವು.

ಆ ಹಾಡುಗಳಲ್ಲೊಂದು ‘ಮೂರನೇ ಪಾಳಿ’. ಕಾಲೇಜೊಂದರ ಬಯಲಿನಲ್ಲಿ ನಾವದನ್ನು ಬಾರಿಸುವಾಗ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ಪುಣೆಯ ಒಬ್ಬ ಕಾರ್ಯಕ್ರಮ ಆಯೋಜಕರ ಕಣ್ಣಿಗೆ ಬಿತ್ತು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಹತ್ತು ದಿನದಲ್ಲಿ ನಾಲ್ಕು ಊರು ಎಂದು ಅವರು ಹೇಳಿದರು. ಶರತ್ತು ಒಂದೇ: ಸ್ಟುಡಿಯೋದಲ್ಲಿ ಸರಿಯಾಗಿ ಮುದ್ರಿಸಿದ ಐದು ಹಾಡು ತಿಂಗಳ ಕೊನೆಯೊಳಗೆ ಅವರ ಕೈಗೆ ಸಿಗಬೇಕು. ಅದಕ್ಕೆ ನಮ್ಮ ಬಳಿ ಇದ್ದದ್ದು ನಾಲ್ಕು ಭಾನುವಾರ.

ಸ್ಟುಡಿಯೋ ಅಂದರೆ ಶಾಮನೂರಿನ ಹೊಸ ಬಡಾವಣೆಯ ಒಂದು ಮನೆಯ ಮೊದಲ ಮಹಡಿ. ಸೌಂಡ್ ಇಂಜಿನಿಯರ್ ಅಲ್ಲಿ ಭಕ್ತಿಗೀತೆಗಳನ್ನೂ, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಪ್ರಚಾರವನ್ನೂ ಮುದ್ರಿಸುತ್ತಿದ್ದರು. ಗೋಡೆಗೆ ಹತ್ತಿಯ ಗಾದಿಗಳನ್ನು ಮೊಳೆ ಹೊಡೆದು ಸಿಕ್ಕಿಸಿದ್ದರು. ಅಲ್ಲಿ ಅದುವರೆಗೆ ಯಾರೂ ಡ್ರಮ್ ಮುದ್ರಿಸಿರಲಿಲ್ಲ. ಆರು ಮೈಕು ಬೇಕಿತ್ತು, ಇದ್ದದ್ದು ಮೂರು. ಉಳಿದ ಮೂರನ್ನು ಒಂದು ಶಾಮಿಯಾನದ ಅಂಗಡಿಯಿಂದ ತಂದೆವು. ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮಿನೊಳಗೆ ದಿಂಬು ತುರುಕಿ ಒಂದು ಮೈಕು, ಎದುರಿನ ಚಿಕ್ಕ ಸ್ನೇರ್ ಡ್ರಮ್ಮಿಗೆ ಬೆರಳಗಲ ಬಿಟ್ಟು ಇನ್ನೊಂದು, ತಲೆಯ ಮೇಲೆ ಎರಡು, ಉಳಿದವು ಅಕ್ಕಪಕ್ಕ. ಇಷ್ಟು ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೊದಲ ಮುದ್ರಣದಲ್ಲಿ ಕೆಳಮನೆಯ ಕುಕ್ಕರಿನ ಎರಡು ಸೀಟಿ ಸೇರಿಕೊಂಡವು. ಅಡುಗೆ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತು ಕಾದೆವು. ಡ್ರಮ್ಮರ್ ನಗುತ್ತಿದ್ದ.

“ಆ ಸೀಟಿ ಇರ್ಲಿ ಬಿಡ್ರಿ ಸಾರ್,” ಅಂದ ಇಂಜಿನಿಯರಿಗೆ. “ನನಕಿಂತ ತಾಳದಾಗ ಐತೆ.”

ನಿಜವಾದ ತೊಂದರೆ ಅಲ್ಲೇ ಇತ್ತು. ಸ್ಟುಡಿಯೋದಲ್ಲಿ ಡ್ರಮ್ಮರನ ಕಿವಿಗೆ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಒಂದೇ ವೇಗದ ಸದ್ದು ಬಿಡುತ್ತಾರೆ. ಅದನ್ನು ಕ್ಲಿಕ್ ಅನ್ನುತ್ತೇವೆ. ಡ್ರಮ್ಮು ಆ ಕ್ಲಿಕ್ಕಿಗೆ ಕೂತರೆ ಅದರ ಮೇಲೆ ಬೇಸು, ಆಮೇಲೆ ಗಿಟಾರು, ಕೊನೆಗೆ ಹಾಡು, ಹೀಗೆ ಒಂದೊಂದಾಗಿ ಹೇರಬಹುದು. ಎಲ್ಲಿ ತಪ್ಪಿದರೂ ಅಷ್ಟನ್ನೇ ಕತ್ತರಿಸಿ ಮತ್ತೆ ಜೋಡಿಸಬಹುದು. ನಮ್ಮ ಡ್ರಮ್ಮರ್ ಊರಿನ ಭಜನೆ ಮೇಳದಲ್ಲಿ ತಾಳ ಹಾಕಿ ಬೆಳೆದವನು. ಭಜನೆಯಲ್ಲಿ ಹಾಡು ಏರಿದಂತೆ ಲಯವೂ ಏರುತ್ತದೆ. ಹಿಡಿದಿಟ್ಟರೆ ಅದು ಭಜನೆಯೇ ಅಲ್ಲ. ‘ಮೂರನೇ ಪಾಳಿ’ಯನ್ನು ಅವನು ನಿಮಿಷಕ್ಕೆ ನೂರಹನ್ನೆರಡು ಪೆಟ್ಟಿನಲ್ಲಿ ಶುರು ಮಾಡಿ, ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ನೂರಿಪ್ಪತ್ತೊಂದಕ್ಕೆ ತಲುಪುತ್ತಿದ್ದ. ಶೆಡ್ಡಿನಲ್ಲಿ, ಬಯಲಿನಲ್ಲಿ ನಾವು ಮೂವರೂ ಅವನ ಜೊತೆ ಏರುತ್ತಿದ್ದೆವು. ಏರುತ್ತಿದ್ದೇವೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಗೆರೆ ಗೆರೆಯಾಗಿ ನೋಡಿದಾಗ ಅವನ ಪ್ರತಿ ಪೆಟ್ಟೂ ಗೆರೆಗಿಂತ ಮುಂದೆ, ಇನ್ನೂ ಮುಂದೆ ಹೋಗಿ ಬಿದ್ದಿರುತ್ತಿತ್ತು. ಆ ದಿನ ಮುದ್ರಿಸಿದ ಐದೂ ಹಾಡುಗಳದ್ದು ಅದೇ ಕಥೆ. ಆ ಪರದೆಯನ್ನು ನಾನು ಬಹಳ ಹೊತ್ತು ನೋಡಿದೆ.

ಮುಂದಿನ ವಾರವಿಡೀ ಅವನು ಊಟದ ಬಿಡುವಿನಲ್ಲಿ ಫೋನಿನಲ್ಲಿ ಕ್ಲಿಕ್ ಹಾಕಿಕೊಂಡು ಮರದ ಹಲಗೆಯ ಮೇಲೆ ಅಭ್ಯಾಸ ಮಾಡಿದ. ಎರಡನೇ ಭಾನುವಾರ ಬಂದಾಗ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ. ಆ ದಿನ ‘ಮೂರನೇ ಪಾಳಿ’ಯನ್ನು ಹದಿನೇಳು ಸಲ ಬಾರಿಸಿದ. ಕ್ಲಿಕ್ಕಿಗೆ ಕಿವಿಗೊಟ್ಟರೆ ಕೈ ಬಿಗಿಯುತ್ತಿತ್ತು, ಕೈ ಸಡಿಲ ಬಿಟ್ಟರೆ ಕ್ಲಿಕ್ ಹಿಂದೆ ಬೀಳುತ್ತಿತ್ತು. ಹದಿನೇಳನೆಯದು ಮುಗಿದಾಗ ಹೆಡ್‌ಫೋನ್ ತೆಗೆದು ಸ್ನೇರ್ ಮೇಲಿಟ್ಟು ನನ್ನನ್ನು ನೋಡಿದ.

“ತಮ್ಮಾ, ಇನ್ನೊಂದ್ ವಾರ ಕೊಡು. ಹಿಡೀತೀನಿ ಅದನ್ನ.”

“ಆಗ್ಲಿ ಅಣ್ಣಾ,” ಅಂದೆ.

ಅವನು ಮತ್ತು ಬೇಸಿನವನು ಹೊರಟ ಮೇಲೆ ಇಂಜಿನಿಯರ್ ನನ್ನನ್ನೂ ಹಾಡುವವಳನ್ನೂ ಕೂರಿಸಿಕೊಂಡರು.

“ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ,” ಅಂದರು. “ಹಿಂಗಾದ್ರೆ ಈ ತಿಂಗಳಾಗ ಮುಗಿಯಲ್ಲ. ಹುಬ್ಬಳ್ಳಿಯಾಗ ಒಬ್ಬ ಅದಾನೆ, ಸ್ಟುಡಿಯೋ ಡ್ರಮ್ಮೇ ಅವನ ಕಸುಬು. ಬುಧವಾರ ಬರ್ತಾನೆ, ಒಂದ್ ಮಧ್ಯಾಹ್ನದಾಗ ಐದೂ ಬಾರ್ಸಿ ಹೋಗ್ತಾನೆ. ಸ್ಟೇಜಿನ ಮ್ಯಾಲೆ ಹೆಂಗೂ ನಿಮ್ಮವರೇ ಇರ್ತಾರಲ್ರಿ.”

ಹಾಡುವವಳು ತಕ್ಷಣ ಬೇಡ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಂಗೆ ಮೊದ್ಲು ಹೇಳು. ಅವ್ನು ಹೂಂ ಅಂದ್ರೆ ನಂದೇನಿಲ್ಲ,” ಅಂದಳು.

“ನಾನೇ ಹೇಳ್ತೀನಿ,” ಅಂದೆ.

ಹೇಳಬೇಕೆಂದೇ ಸೋಮವಾರ ಸಂಜೆ ಹರಿಹರಕ್ಕೆ ಹೋದೆ. ಅವನು ಲೇತಿನ ಮುಂದೆ ನಿಂತಿದ್ದ. ನನ್ನನ್ನು ನೋಡಿ ಮಷೀನು ನಿಲ್ಲಿಸದೆಯೇ ಕಣ್ಣಲ್ಲಿ ಕೂರು ಅಂದ. ಸ್ಟುಡಿಯೋದಲ್ಲಿ ಹೈ-ಹ್ಯಾಟಿನ, ಅಂದರೆ ಕಾಲಿನಿಂದ ಒತ್ತುವ ಜೋಡಿ ತಟ್ಟೆಗಳ, ಸ್ಟ್ಯಾಂಡಿನ ಒಂದು ಭಾಗ ಸವೆದು ಕಿರುಗುಟ್ಟುತ್ತಿತ್ತು, ಮೈಕಿನಲ್ಲಿ ಅದು ಕೇಳಿಸುತ್ತಿತ್ತು. ಅದಕ್ಕೆ ಹಿತ್ತಾಳೆಯ ಹೊಸ ಬುಷ್, ಉಂಗುರದಂಥ ಒಂದು ತುಂಡು, ಕಡೆಯುತ್ತಿದ್ದ. ಟೂಲ್ ಲೋಹಕ್ಕೆ ತಾಗುವ ಸದ್ದಿನಲ್ಲೇ ಅಳತೆ ಎಷ್ಟು ಬಂತು ಅನ್ನುವುದು ಅವನಿಗೆ ತಿಳಿಯುತ್ತಿತ್ತು. ಬುಷ್ಷನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟ, ಇನ್ನೂ ಬಿಸಿಯಿತ್ತು.

“ಮಾಲೀಕ್ರು ಹತ್ ದಿನ ರಜಾ ಹೂಂ ಅಂದ್ರು,” ಅಂದ. “ಮನ್ಯಾಗ ನಿಮ್ಮ ಅತ್ತಿಗೆ, ಪುಣೆಗಂಟ ಹೋಗ್ತೀರಿ ಅಂದ್ರೆ ಸುಮ್ನೆ ಅಲ್ಲ ಬಿಡ್ರಿ ಅಂತಾಳೆ.”

ಆ ಮಾತಿನ ನಂತರ ಹೇಳಲು ಆಗಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಅವನು ಬೇಡ ಅಂದರೆ ಆ ಐದು ಹಾಡು ಹೋಗುತ್ತವೆ ಎಂಬ ಭಯ ನನಗಿತ್ತು. ಕೇಳಿದರೆ ತಾನೇ ಬೇಡ ಅನ್ನುವುದು? ಚಹಾ ಕುಡಿದು ವಾಪಸ್ ಬಂದೆ. ಹಾಡುವವಳಿಗೆ ಫೋನ್ ಮಾಡಿ, “ಹೇಳಿದೆ, ಒಪ್ಪಿದ,” ಅಂದೆ. ಬೇಸಿನವನಿಗೂ ಅದನ್ನೇ ಹೇಳಿದೆ.

ಬುಧವಾರ ಹುಬ್ಬಳ್ಳಿಯ ಕಲಾವಿದ ಬಂದ. ಡ್ರಮ್ ಸೆಟ್ ಸ್ಟುಡಿಯೋದಲ್ಲೇ ಇತ್ತು, ಅಣ್ಣ ಕೊಟ್ಟಿದ್ದ ಬುಷ್ಷನ್ನು ನಾನೇ ಹೈ-ಹ್ಯಾಟಿಗೆ ಹಾಕಿದ್ದೆ. ನಮ್ಮ ಡ್ರಮ್ಮರನ ಬಲ ಮಂಡಿ ಹೆಚ್ಚು ಮಡಚುತ್ತಿರಲಿಲ್ಲವಾದ್ದರಿಂದ ಅವನು ಎತ್ತರದಲ್ಲಿ ಕೂರುತ್ತಿದ್ದ. ಬಂದವನು ಸ್ಟೂಲನ್ನು ಗೇಣುದ್ದ ಇಳಿಸಿದ, ಸ್ನೇರನ್ನು ತನ್ನ ಕಡೆ ವಾಲಿಸಿಕೊಂಡ, ನಮ್ಮ ಹಳೆಯ ಮುದ್ರಣವನ್ನು ಒಂದೊಂದು ಸಲ ಕೇಳಿದ, ಹಾಳೆಯಲ್ಲಿ ನಾಲ್ಕಾರು ಗುರುತು ಹಾಕಿಕೊಂಡ. ನಾಲ್ಕು ಗಂಟೆಯಲ್ಲಿ ಐದು ಹಾಡು ಮುಗಿದವು. ಒಳ್ಳೆಯ ವಾದಕ, ಒಳ್ಳೆಯ ಮನುಷ್ಯ. ಅವನಿಗೆ ನಮ್ಮ ಒಳಗಿನ ವಿಷಯ ಏನೂ ಗೊತ್ತಿರಲಿಲ್ಲ. ಹೊರಡುವಾಗ, “ನಿಮ್ಮ ಡ್ರಮ್ಮರ್ ಹೈ-ಹ್ಯಾಟ್ ಭಾಳ ಚಂದ ಇಟ್ಕೊಂಡಾರ್ರಿ,” ಅಂದ.

ಮುಂದಿನ ಹತ್ತು ದಿನ ನಾನು ಗಿಟಾರ್ ಮುದ್ರಿಸಿದೆ. ಸುಳ್ಳು ಹೇಳುವುದಿಲ್ಲ, ಬಹಳ ಸುಖವಾಗಿತ್ತು. ಲಯ ಗೋಡೆಯ ಹಾಗೆ ನಿಂತಿತ್ತು, ಎಲ್ಲಿ ಬೇಕಾದರೂ ಒರಗಬಹುದಿತ್ತು. ಒಂದೇ ರಿಫ್ಫನ್ನು, ಅಂದರೆ ಹಾಡಿನುದ್ದಕ್ಕೂ ಮರಳಿ ಬರುವ ಗಿಟಾರಿನ ಸಾಲನ್ನು, ಎರಡು ಸಲ ಬಾರಿಸಿ ಒಂದನ್ನು ಎಡ ಕಿವಿಗೆ, ಒಂದನ್ನು ಬಲ ಕಿವಿಗೆ ಹಾಕಿದೆ. ಎರಡೂ ಕೂದಲೆಳೆಯಷ್ಟೂ ಹಿಂದೆಮುಂದೆ ಆಗಲಿಲ್ಲ. ನಾನು ಇಷ್ಟು ಚೆನ್ನಾಗಿ ಬಾರಿಸಬಲ್ಲೆ ಎಂದು ನನಗೇ ಆಗ ಗೊತ್ತಾದದ್ದು.

ನಡುವೆ ಬಂದ ಭಾನುವಾರ ಡ್ರಮ್ಮರ್ ಬಸ್ಸಿಳಿದು ನೇರ ಸ್ಟುಡಿಯೋಗೆ ಬಂದ, ಇನ್ನೊಮ್ಮೆ ಬಾರಿಸಲು. ಮೊದಲ ಎರಡು ವಾರದ ಅವನ ಮುದ್ರಣಗಳಲ್ಲೇ ಚೆನ್ನಾಗಿದ್ದ ತುಂಡುಗಳನ್ನು ಆಯ್ದು ಜೋಡಿಸಿದ್ದೇವೆ, ಇನ್ನು ಬೇಕಿಲ್ಲ ಎಂದು ನಾನು ಹೇಳಿದೆ. ಅವನಿಗೆ ಒಂದು ಕ್ಷಣ ನಂಬಿಕೆ ಬರಲಿಲ್ಲ. ಆಮೇಲೆ ಮುಖ ಅರಳಿತು. ಸೆಟ್ ಬಿಚ್ಚಲು ಕೂತವನು ಸ್ಟೂಲಿನ ಮೇಲೆ ಕುಸಿದಂತೆ ಕೆಳಗೆ ಹೋದ.

“ಇದ್ಯಾಕ ಇಷ್ಟ್ ಕೆಳಗೈತೆ?”

“ಮೈಕ್ ಇಡಾಕ ಸರಿಸಿದ್ವಿ ಅಣ್ಣಾ.”

ಅವನು ಸ್ನೇರ್ ವಾಲಿದ್ದನ್ನು ನೋಡಿದ. ಸಿಂಬಲ್ಲಿನ ಎತ್ತರವನ್ನೂ ನೋಡಿದ. ಆಮೇಲೆ ಸಿಂಬಲ್ ಬಿಚ್ಚಿ ಕಂಬಳಿಯಲ್ಲಿ ಸುತ್ತತೊಡಗಿದ. ಇಂಜಿನಿಯರ್ ಪರದೆಯ ಕಡೆ ಮುಖ ಮಾಡಿ ಕೂತೇ ಇದ್ದರು.

ಹಾಡುಗಳು ಗಡುವಿಗೆ ಎರಡು ದಿನ ಮೊದಲೇ ಪುಣೆಗೆ ಹೋದವು. ಆಯೋಜಕರು ಒಪ್ಪಿದರು. ವಾರದೊಳಗೆ ಅವು ಆನ್‌ಲೈನಿನಲ್ಲೂ ಬಂದವು. ಅಂದು ಮಧ್ಯಾಹ್ನ ಡ್ರಮ್ಮರ್ ಫೋನ್ ಮಾಡಿ, ವರ್ಕ್‌ಶಾಪಿನವರೆಲ್ಲ ಊಟದ ಬಿಡುವಿನಲ್ಲಿ ಒಟ್ಟಿಗೆ ಕೇಳುತ್ತೇವೆ, ನೀನೂ ಬಾ ಎಂದ. ಹೋಗದೆ ಇರಲು ಕಾರಣ ಹುಡುಕಿದೆ, ಸಿಗಲಿಲ್ಲ.

ಹತ್ತು ಹನ್ನೆರಡು ಜನ ಕೆಲಸದ ಬಟ್ಟೆಯಲ್ಲೇ ಸುತ್ತ ಕೂತಿದ್ದರು. ಪೇಪರಿನ ಮೇಲೆ ಖಾರ ಮಂಡಕ್ಕಿ, ಮಿರ್ಚಿ ಸುರಿದಿತ್ತು. ಯಾರೋ ಒಂದು ಸ್ಪೀಕರನ್ನು ಲೇತಿನ ಮೇಲಿಟ್ಟು ಫೋನಿಗೆ ಜೋಡಿಸಿದರು. ಡ್ರಮ್ಮರ್ ಕೈ ತೊಳೆದು ಬಂದು ನನ್ನ ಪಕ್ಕ ನಿಂತ. ‘ಮೂರನೇ ಪಾಳಿ’ ಡ್ರಮ್ಮಿನಿಂದಲೇ ಶುರುವಾಗುತ್ತದೆ. ಎರಡನೇ ಆವರ್ತ ಮುಗಿಯುವ ಮೊದಲೇ ಅವನ ಕುತ್ತಿಗೆ ಸ್ವಲ್ಪ ಓರೆಯಾಯಿತು, ಲೇತಿನ ಸದ್ದು ಕೇಳುವಾಗ ಆಗುತ್ತಿದ್ದ ಹಾಗೆ. ನಾನು ನೆಲ ನೋಡುತ್ತಿದ್ದೆ.

ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ವಯಸ್ಸಾದ ಫಿಟ್ಟರ್ ಒಬ್ಬರು ಎದ್ದು ಅವನ ಬೆನ್ನು ತಟ್ಟಿ, “ಏನ್ ಕೈಯಲೇ ನಿಂದು, ಮಷೀನ್ ಇದ್ದಂಗೈತೆ!” ಅಂದರು.

“ಹೂಂ ರೀ,” ಅಂದ ಅವನು. ನಕ್ಕ. ಉಳಿದ ನಾಲ್ಕು ಹಾಡುಗಳನ್ನೂ ಅಲ್ಲೇ ನಿಂತು ಕೇಳಿದ. ಯಾರು ಹೊಗಳಿದರೂ ಇಲ್ಲ ಅನ್ನಲಿಲ್ಲ. ನಾನು ಹೊರಡುವಾಗ ಗೇಟಿನವರೆಗೆ ಬಂದ.

“ಯಾರು ಬಾರ್ಸಿದ್ದು?”

“ಹುಬ್ಬಳ್ಳಿಯವ್ರು ಅಣ್ಣಾ. ಟೈಮ್ ಇರ್ಲಿಲ್ಲ…”

“ಚೆನ್ನಾಗಿ ಬಾರ್ಸ್ಯಾನೆ,” ಅಂದ. “ನಮ್ ಸೆಟ್ಟೇ ಅಲ್ಲ ಅದು? ಸ್ನೇರ್ ಗೊತ್ತಾಯ್ತು.”

ಅವನು ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೇನೋ. ಬೈಯಲಿಲ್ಲವಾದ್ದರಿಂದ ಬೈಕು ಸ್ಟಾರ್ಟ್ ಮಾಡಿಕೊಂಡು ಬಂದುಬಿಟ್ಟೆ. ಅವನು ಪ್ರವಾಸಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಮರುದಿನವೇ ಫೋನ್ ಬಂತು: ಕ್ಲಿಕ್ ಇರುವ ಐದೂ ಹಾಡುಗಳನ್ನು, ಡ್ರಮ್ ಮಾತ್ರ ಬೇರೆಯಾಗಿ, ತನಗೆ ಕಳಿಸು ಎಂದ. ಕಳಿಸಿದೆ. ಹೊರಡಲು ಮೂರು ವಾರವಿತ್ತು. ಅಷ್ಟರಲ್ಲಿ ಅವನು ಆ ಇನ್ನೊಬ್ಬನ ವಾದನವನ್ನು ಪೆಟ್ಟಿಗೆ ಪೆಟ್ಟು ಕಲಿತ. ಅಭ್ಯಾಸಕ್ಕೆ ಕೂತಾಗ ಕಿವಿಯಲ್ಲಿ ಕ್ಲಿಕ್ ಇಟ್ಟುಕೊಂಡ, ಸ್ಟೂಲನ್ನೂ ಇಳಿಸಿಕೊಂಡಿದ್ದ. ಮಂಡಿ ನೋಯುವುದಿಲ್ಲವೇ ಎಂದು ಹಾಡುವವಳು ಕೇಳಿದಳು. “ಹಿಂಗ್ ಕುಂತ್ರೇನೇ ಆ ಪೆಟ್ಟು ಬರೋದಮ್ಮ,” ಅಂದ. ವರ್ಕ್‌ಶಾಪಿನಲ್ಲಿ ಹಾಡು ಕೇಳಿದಾಗಲೇ ತನಗೆ ತಿಳಿದದ್ದು ಎಂದು ಅವನು ಮಾತಿನ ನಡುವೆ ಅಂದದ್ದರಿಂದ, ಅವನಿಗೆ ನಾನು ಮೊದಲೇ ಹೇಳಿರಲಿಲ್ಲ ಎಂದು ಅವಳಿಗೆ ಗೊತ್ತಾದದ್ದು ಆ ದಿನವೇ. ನನ್ನ ಜೊತೆ ಜಗಳವಾಡಲಿಲ್ಲ. ಮಾತು ಕಡಿಮೆ ಮಾಡಿದಳು.

ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ ಅಚ್ಚುಕಟ್ಟಾಗಿ ನಡೆಯಿತು. ಬೆಳಗಾವಿಯಲ್ಲೂ ಅಷ್ಟೇ. ಆಯೋಜಕರು ಖುಷಿಯಾಗಿದ್ದರು, ಮುದ್ರಣದಲ್ಲಿ ಇದ್ದ ಹಾಗೇ ಇದೆ, ಒಂದಿಷ್ಟೂ ವ್ಯತ್ಯಾಸವಿಲ್ಲ ಎಂದರು. ಜನ ಕೇಳಿದರು, ಚಪ್ಪಾಳೆ ತಟ್ಟಿದರು, ಫೋನ್ ನೋಡಿಕೊಂಡರು. ಕೊಲ್ಹಾಪುರದಲ್ಲಿ ‘ಮೂರನೇ ಪಾಳಿ’ಯ ಎರಡನೇ ಪಲ್ಲವಿಗೆ ಬಂದಾಗ ಅಭ್ಯಾಸಬಲದಿಂದ ನನ್ನ ಬಲಗೈ ಮುಂದೆ ಓಡಿತು. ಡ್ರಮ್ಮು ಅಲ್ಲಿರಲಿಲ್ಲ. ಅದು ಇರಬೇಕಾದ ಜಾಗದಲ್ಲೇ, ನೂರಹನ್ನೆರಡರಲ್ಲೇ ಇತ್ತು. ನಾನು ಹಿಂದೆ ಬಂದು ಸೇರಿಕೊಂಡೆ. ಅಷ್ಟು ದಿನ ಆ ಹಾಡು ಎಲ್ಲಿ ನೆಲ ಬಿಟ್ಟು ಏಳುತ್ತಿತ್ತೋ ಅಲ್ಲಿ ಈಗ ನಾವು ನಡೆದುಕೊಂಡು ಹೋದೆವು. ಆಯೋಜಕರು ಮೆಚ್ಚಿ ನಮ್ಮನ್ನು ಕರೆದದ್ದು ಆ ಫೋನ್ ವಿಡಿಯೋ ನೋಡಿ, ಅದರಲ್ಲಿ ಬಾರಿಸುತ್ತಿದ್ದುದು ನಮ್ಮ ಡ್ರಮ್ಮರ್ ಎಂಬುದು ನನಗೆ ನೆನಪಾದದ್ದು ಆ ವೇದಿಕೆಯ ಮೇಲೆ.

ಇಳಿದು ಬಂದಾಗ ಹಾಡುವವಳು ನೀರು ಕುಡಿಯುತ್ತಾ, ಯಾರನ್ನೂ ನೋಡದೆ, “ನಂಗೆ ಏರಾಕ ಜಾಗಾನೇ ಸಿಗ್ಲಿಲ್ಲ,” ಅಂದಳು.

ಪುಣೆಯ ಕಾರ್ಯಕ್ರಮದ ದಿನ ಮಧ್ಯಾಹ್ನ ಸೌಂಡ್ ಚೆಕ್ ಮುಗಿದ ಮೇಲೆ ನಾನು ಡ್ರಮ್ಮರನ ಹತ್ತಿರ ಹೋದೆ. ಅವನು ಸ್ಕ್ರೂ ಬಿಗಿಯುತ್ತಿದ್ದ.

“ಅಣ್ಣಾ, ಇವತ್ತು ಕ್ಲಿಕ್ ಬ್ಯಾಡ. ತೆಗ್ದಿಡು. ಮುಂಚೆ ಹೆಂಗ್ ಬಾರಿಸ್ತಿದ್ದೆ ಹಂಗೇ ಬಾರ್ಸು.”

ಅವನು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಿದ. ನನ್ನನ್ನು ನೋಯಿಸಲು ಮಾತು ಹುಡುಕುತ್ತಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ. ಕೋಲು ತೆಗೆದುಕೊಂಡು ಸ್ನೇರ್ ಮೇಲೆ ಮೆಲ್ಲಗೆ ನಾಲ್ಕು ಆವರ್ತ ಬಾರಿಸಿದ, ನಿಲ್ಲಿಸಿದ. ಮತ್ತೆ ಬಾರಿಸಿದ.

“ಈಗ ಅದು ಬರ್ತಾ ಇಲ್ಲೋ ತಮ್ಮಾ,” ಅಂದ. “ಕೈಯಾಗ ಅವನೇ ಕುಂತಾನೆ.”

ಆ ಸಂಜೆ ಕ್ಲಿಕ್ ಇಟ್ಟುಕೊಂಡೇ ಬಾರಿಸಿದ. ಒಂದು ಪೆಟ್ಟೂ ತಪ್ಪಲಿಲ್ಲ.

ಊರಿಗೆ ಬಂದ ಮೇಲೆ ನನಗೆ ಒಂದೇ ದಾರಿ ಹೊಳೆಯಿತು. ಮೊದಲ ಎರಡು ಭಾನುವಾರ ಅವನು ಬಾರಿಸಿದ್ದ ಮುದ್ರಣಗಳು ಇದ್ದವಲ್ಲ, ಅವನ್ನು ತಂದು ಅವನಿಗೇ ಕೇಳಿಸಬೇಕು. ಬೇಕಾದರೆ ಅವುಗಳ ಮೇಲೆಯೇ ನಾವು ಹೊಸದಾಗಿ ಬಾರಿಸಬೇಕು, ವೇಗ ಏರಿದರೆ ಏರಲಿ. ಶಾಮನೂರಿಗೆ ಹೋದೆ. ಇಂಜಿನಿಯರ್ ತಲೆ ಕೆರೆದುಕೊಂಡರು.

“ಅವು ಬ್ಯಾಡ ಅಂದಂಗಿತ್ತಲ್ರಿ? ಹಾರ್ಡ್ ಡಿಸ್ಕಿನಾಗ ಜಾಗ ಇರ್ಲಿಲ್ಲ, ಭಕ್ತಿಗೀತೆ ಆಲ್ಬಂ ಬಂತು, ಅಳಿಸಿದೆ.”

ಅವರ ತಪ್ಪಿಲ್ಲ. ಬೇಕು ಎಂದು ನಾನು ಹೇಳಿರಲಿಲ್ಲ. ಈಗ ಉಳಿದಿರುವುದು ಆ ಫೋನ್ ವಿಡಿಯೋ ಒಂದೇ. ಅದರಲ್ಲಿ ಗಾಳಿಯ ಸದ್ದು, ಹುಡುಗರ ಕೂಗು. ಅವುಗಳ ಹಿಂದೆ, ದೂರದಲ್ಲಿ ಎಲ್ಲೋ, ಡ್ರಮ್ಮು.

ಅವನು ಬ್ಯಾಂಡ್ ಬಿಡುತ್ತೇನೆಂದು ಎಂದೂ ಹೇಳಲಿಲ್ಲ. ಒಂದು ಭಾನುವಾರ ಮನೆಯಲ್ಲಿ ಕೆಲಸ ಅಂದ, ಮುಂದಿನದಕ್ಕೆ ಓವರ್‌ಟೈಮ್ ಅಂದ, ಆಮೇಲೆ ನಾವು ಕೇಳುವುದನ್ನು ಬಿಟ್ಟೆವು. ಹಾಡುವವಳು ಎರಡು ತಿಂಗಳ ನಂತರ ಹೋದಳು. ಕಾರಣ ಹೇಳಿಯೇ ಹೋದಳು. ನಾನು ಬೇರೆಯವರ ತಂಡಗಳ ಜೊತೆ ಒಂದೆರಡು ವರ್ಷ ಊರೂರು ಸುತ್ತಿದೆ. ಈಗ ನಿಟ್ಟುವಳ್ಳಿಯಲ್ಲಿ ದೇವಸ್ಥಾನದ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಗಿಟಾರ್ ಕಲಿಸುತ್ತೇನೆ. ಬ್ಯಾಂಕಿನ ಉದ್ಯೋಗಿಗಳು, ಗೃಹಿಣಿಯರು, ಕಾಲೇಜಿನವರು ಬರುತ್ತಾರೆ. ಆ ಐದು ಹಾಡು ಕೇಳಿಯೇ ನನ್ನ ಬಳಿ ಬಂದವರು ಇದ್ದಾರೆ. ಈಚೆಗೆ ಒಬ್ಬರು, ನಿವೃತ್ತ ಲೈನ್‌ಮನ್, ಮೊದಲ ಪಾಠದ ದಿನವೇ, “ಗಿಟಾರ್ ಇರ್ಲಿ ಸರ್, ಆ ಡ್ರಮ್ ಬಾರ್ಸಿದೋರು ಯಾರ್ರಿ?” ಅಂದರು. ಹುಬ್ಬಳ್ಳಿಯವರು ಅಂದೆ. ಹೊರಗಿನವರಿಗೆ ಮೊದಲ ಸಲ ನಿಜ ಹೇಳಿದ್ದೆ. ಅವರು ಹೋದ ಮೇಲೆ ಕೋಣೆಗೆ ಬೀಗ ಹಾಕಿ ಹರಿಹರಕ್ಕೆ ಹೊರಟೆ.

ಅವನು ಅದೇ ಲೇತಿನ ಮುಂದಿದ್ದ. ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಮಷೀನು ನಿಲ್ಲಿಸಿ, “ಬಾ ತಮ್ಮಾ, ಕೂಡು,” ಅಂದ, ಚಹಾ ತರಿಸಿದ. ನನ್ನ ತಾಯಿಯ ಆರೋಗ್ಯ ಕೇಳಿದ. ಡ್ರಮ್ ಸೆಟ್ಟನ್ನು ಊರಿನ ಹೈಸ್ಕೂಲಿಗೆ ಕೊಟ್ಟೆ ಅಂದ. ತಪ್ಪಾಯ್ತು ಅಣ್ಣಾ, ಅವತ್ತು ಸೋಮವಾರ ಇಲ್ಲಿಗೆ ಅದನ್ನು ಹೇಳಲೆಂದೇ ಬಂದಿದ್ದೆ, ಹೇಳದೆ ಹೋದೆ, ಎಂದಷ್ಟೇ ಹೇಳಿದೆ.

ಅವನು ಚಹಾದ ಲೋಟ ಕೆಳಗಿಟ್ಟ.

“ಹೇಳಿದ್ರೆ ನಾನು ಏನ್ ಅಂತಿದ್ದೆ ಅನ್ಕೊಂಡಿದ್ದಿ?”

“ಬ್ಯಾಡ ಅಂತೀಯಾ ಅನ್ಕೊಂಡಿದ್ದೆ.”

“ಬ್ಯಾಡ ಯಾಕಂತಿದ್ದೆ?” ಅಂದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಂಗೆ ಬರ್ತಿರ್ಲಿಲ್ಲ ಅಂತ ನಂಗೇ ಗೊತ್ತಿತ್ತಲ್ಲೋ. ಬರ್ಲಿ ಅಂತಿದ್ದೆ. ರಜಾ ಹಾಕಿ ಬಂದು ಬಾಜೂಕೇ ಕುಂದರ್ತಿದ್ದೆ. ಅಂಥಾ ಕೈನ ನಾನು ಹತ್ರದಿಂದ ಯಾವತ್ತೂ ನೋಡಿದ್ದಿಲ್ಲ.”

ಆ ಪೀಸ್ ಆಯ್ತೇನು ಎಂದು ಒಳಗಿನಿಂದ ಯಾರೋ ಕೂಗಿದರು. ಈಗ ಆಯ್ತು ಎಂದು ಎದ್ದು, ಕನ್ನಡಕ ಸರಿಮಾಡಿಕೊಂಡು ಮಷೀನಿನ ಸ್ವಿಚ್ ಒತ್ತಿದ. ಆ ಸದ್ದಿನಲ್ಲಿ ಇನ್ನು ಮಾತಾಡುವ ಹಾಗಿರಲಿಲ್ಲ. ನಾನು ಅವನ ಲೋಟವನ್ನೂ ನನ್ನ ಲೋಟವನ್ನೂ ನಲ್ಲಿಯಲ್ಲಿ ತೊಳೆದು, ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದೆ.